ಮಂಜೇಶ್ವರದ ಶಾಸಕರಿಗೆ ಕನ್ನಡ ಬರುತ್ತದೆಯೇ?

ಕಳೆದ ವಾರ ತುಮಕೂರಿನ ಗೆಳೆಯರೊಬ್ಬರು ಫೋನಿನಲ್ಲಿ ಮಾತನಾಡುತ್ತಾ, "ನೀವು ಓಟು ಹಾಕುವುದು ಕೇರಳದಲ್ಲಿ ಅಲ್ಲವೇ? ಅಲ್ಲಿನ ಶಾಸಕರಿಗೆ ನಿಮ್ಮ ಕನ್ನಡ ಅರ್ಥವಾದರೂ ಆಗುತ್ತದೆಯೇ?" ಎಂದು ಕೇಳಿದರು. ಅವರ ಧ್ವನಿಯಲ್ಲಿ ಕನಿಕರವಿತ್ತು, ನನಗೆ ನೋವಾದದ್ದು ಅದರಿಂದಲೇ. ಎರಡು ಮಾತಿನಲ್ಲಿ ಹೇಳಿ ಮುಗಿಸುವ ಸಂಗತಿ ಇದಲ್ಲವಾದ್ದರಿಂದ ಬರೆದು ತಿಳಿಸುತ್ತಿದ್ದೇನೆ.

ಕೇರಳ ವಿಧಾನಸಭಾ ಕ್ಷೇತ್ರಗಳ ಪಟ್ಟಿಯಲ್ಲಿ ಒಂದನೆಯ ಸಂಖ್ಯೆ ನಮ್ಮ ಮಂಜೇಶ್ವರದ್ದು. ತಲಪಾಡಿಯಿಂದ ಕುಂಬಳೆಯವರೆಗಿನ ಕರಾವಳಿ, ಒಳಗಡೆ ವರ್ಕಾಡಿ, ಮೀಂಜ, ಪೈವಳಿಕೆ, ಪುತ್ತಿಗೆ, ಎಣ್ಮಕಜೆಯ ಗುಡ್ಡಗಳು, ಹೀಗೆ ಎಂಟು ಪಂಚಾಯತುಗಳು ಸೇರಿ ಈ ಕ್ಷೇತ್ರವಾಗಿದೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲವೂ ಇಲ್ಲಿ ಮನೆಮಾತುಗಳೇ ಆದುದರಿಂದ ಸಪ್ತಭಾಷಾ ಸಂಗಮಭೂಮಿ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 1956ರ ನವೆಂಬರ್ 1ಕ್ಕೆ ಮೊದಲು ಇದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕಿನ ಭಾಗವಾಗಿತ್ತು. ಮದರಾಸು ಸರಕಾರ 1949ರಲ್ಲಿ ರಾಷ್ಟ್ರಕವಿ ಎಂದು ಗೌರವಿಸಿದ ಗೋವಿಂದ ಪೈಗಳು ಮಂಜೇಶ್ವರದ ತಮ್ಮ ಮನೆಯಲ್ಲಿ ಬದುಕಿದ್ದಾಗಲೇ ಆ ಮನೆ ಕೇರಳಕ್ಕೆ ಸೇರಿತು.

ಆಗ ಜನರಿಗೆ ಏನನ್ನಿಸಿತು ಎಂಬುದನ್ನು ಊಹಿಸಬೇಕಾಗಿಲ್ಲ, ಚುನಾವಣೆಗಳೇ ಅದನ್ನು ಹೇಳುತ್ತವೆ. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಮತದಾನ ನಡೆದಾಗ ಇಲ್ಲಿ ಪಕ್ಷೇತರರಾದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ರಾಜ್ಯದ ಬೇರೆಡೆ ಕಮ್ಯುನಿಸ್ಟರೂ ಕಾಂಗ್ರೆಸ್ಸಿಗರೂ ಒಂದೊಂದು ಸೀಟಿಗಾಗಿ ಹೋರಾಡುತ್ತಿದ್ದ ಆ ವರ್ಷ ಈ ಮೂಲೆಯ ಕ್ಷೇತ್ರದಲ್ಲಿ ಅವರ ಎದುರು ಒಬ್ಬ ಅಭ್ಯರ್ಥಿಯೂ ಕಣದಲ್ಲಿ ಉಳಿಯಲಿಲ್ಲ. ಅನಂತರ 1960, 1965 ಮತ್ತು 1967ರಲ್ಲಿ ಗೆದ್ದವರು ಕರ್ನಾಟಕದೊಡನೆ ವಿಲೀನ ಬಯಸುತ್ತಿದ್ದ ಪಾಳಯದ ಕೆ. ಮಹಾಬಲ ಭಂಡಾರಿ. 1965ರಲ್ಲಿ ಆಯ್ಕೆಯಾದ ವಿಧಾನಸಭೆ ಸೇರಲೇ ಇಲ್ಲ. 1967ರಲ್ಲಿ ರಾಜ್ಯಗಳ ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗವೂ ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಜಾರಿಗೆ ಬರಲಿಲ್ಲ, ನಾವು ಇಲ್ಲಿಯೇ ಉಳಿದೆವು.

ಮುಂದಿನದನ್ನು ಬೇಗ ಹೇಳುತ್ತೇನೆ. 1970ರಲ್ಲಿ ಮತ್ತು 1977ರಲ್ಲಿ ಸಿಪಿಐಯ ಎಂ. ರಾಮಪ್ಪ, 1980ರಲ್ಲಿ ಮತ್ತು 1982ರಲ್ಲಿ ಅದೇ ಪಕ್ಷದ ಡಾ. ಎ. ಸುಬ್ಬರಾವ್ ಗೆದ್ದರು, ಸುಬ್ಬರಾವ್ ಮುಖ್ಯಮಂತ್ರಿ ನಾಯನಾರ್ ಅವರ ಸಂಪುಟದಲ್ಲಿ ನೀರಾವರಿ ಸಚಿವರಾಗಿದ್ದರು. ವಿಲೀನದ ಕೂಗು ಇಷ್ಟು ಬೇಗ ಹಿಂದೆ ಸರಿದದ್ದು ಹೇಗೆ ಎಂದು ನೀವು ಕೇಳಬಹುದು. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ಕೊನೆಗೊಂಡಿತ್ತು, ಉತ್ತ ನೆಲ ಕೈಗೆ ಬಂದವನಿಗೆ ಭಾಷೆಯ ಪ್ರಶ್ನೆಗಿಂತ ಆ ನೆಲದ ಹಕ್ಕುಪತ್ರವೇ ಮುಖ್ಯವಾಗಿ ಕಂಡಿರಬೇಕು ಎಂಬುದು ನನ್ನ ತಿಳುವಳಿಕೆ, ಅದಕ್ಕಾಗಿ ಅವನನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. 1987ರಿಂದ ಸತತ ನಾಲ್ಕು ಬಾರಿ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ, 2006ರಲ್ಲಿ ಸಿಪಿಎಂನ ಸಿ. ಎಚ್. ಕುಞಂಬು, 2011ರಿಂದ ಲೀಗಿನ ಪಿ. ಬಿ. ಅಬ್ದುಲ್ ರಜಾಕ್ ನಮ್ಮ ಪ್ರತಿನಿಧಿಗಳಾದರು.

2016ರಲ್ಲಿ ರಜಾಕ್ ಬಿಜೆಪಿಯ ಕೆ. ಸುರೇಂದ್ರನ್ ಅವರನ್ನು ಸೋಲಿಸಿದ್ದು ಕೇವಲ 89 ಮತಗಳಿಂದ. ಸೋತವರು ಹೈಕೋರ್ಟಿಗೆ ಹೋದರು. ಊರಲ್ಲಿಲ್ಲದವರ ಹೆಸರಿನಲ್ಲಿ ಮತ ಬಿದ್ದಿದೆ ಎಂಬುದು ಅವರ ದೂರಾಗಿತ್ತು. ವ್ಯಾಜ್ಯ ಮುಗಿಯುವ ಮೊದಲೇ, 2018ರ ಅಕ್ಟೋಬರಿನಲ್ಲಿ, ಶಾಸಕರು ತೀರಿಕೊಂಡರು. ಅರ್ಜಿ ಹಿಂತೆಗೆದ ಮೇಲಷ್ಟೇ ಉಪಚುನಾವಣೆಯ ದಾರಿ ತೆರೆಯಿತು, ಮತದಾನ ನಡೆದದ್ದು 2019ರ ಅಕ್ಟೋಬರ್ 21ರಂದು. ಹಾಗೆ ಸುಮಾರು ಒಂದು ವರ್ಷ ನಮಗೆ ಶಾಸಕರೇ ಇರಲಿಲ್ಲ. ನಮಗೆ ಆ ವರ್ಷ ಎಷ್ಟು ಉದ್ದವಾಗಿತ್ತು ಎಂಬುದು ತಿಳಿಯಬೇಕಾದರೆ ನಾವು ಶಾಸಕರ ಬಳಿಗೆ ಯಾವ ಕೆಲಸಕ್ಕಾಗಿ ಹೋಗುತ್ತೇವೆ ಎಂಬುದನ್ನು ಹೇಳಬೇಕು.

ರಸ್ತೆ, ನೀರು, ಆಸ್ಪತ್ರೆ ಎಲ್ಲ ಊರುಗಳಲ್ಲೂ ಇರುವ ಬೇಡಿಕೆಗಳು. ನಮ್ಮದೇ ಆದದ್ದು ಇನ್ನೊಂದಿದೆ. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬರುತ್ತಾರೆ. ನನ್ನ ಮಗಳು ಎಂಟನೆಯ ತರಗತಿಯಲ್ಲಿದ್ದಾಗ ಗಣಿತಕ್ಕೆ ಹಾಗೆ ಒಬ್ಬರು ಬಂದರು. ಅವರು ಕೆಟ್ಟವರಲ್ಲ, ವಿಷಯವನ್ನೂ ಬಲ್ಲವರು, ಆದರೆ ಅವರು ಮಲಯಾಳದಲ್ಲಿ ಹೇಳಿದ್ದನ್ನು ಅವಳು ಕನ್ನಡ ಅಕ್ಷರಗಳಲ್ಲಿ ಕಿವಿಗೆ ಬಿದ್ದಂತೆ ಬರೆದುಕೊಂಡು ಬರುತ್ತಿದ್ದಳು. ಸಂಜೆ ನಾನೂ ಅವಳೂ ಪಠ್ಯಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಯಾವ ಮಾತು ಯಾವ ಸೂತ್ರಕ್ಕೆ ಸೇರಿದ್ದು ಎಂದು ಹುಡುಕುತ್ತಿದ್ದೆವು. ಅವಳ ಪುಸ್ತಕ ಕನ್ನಡದ್ದು, ಪರೀಕ್ಷೆ ಕನ್ನಡದ್ದು, ಪಾಠ ಮಾತ್ರ ಬೇರೆ ಭಾಷೆಯದ್ದು. ಹೆತ್ತವರು ಸೇರಿ ಮನವಿ ಬರೆದೆವು, ಶಾಲೆಯ ಗೇಟಿನ ಮುಂದೆ ಕುಳಿತೆವು, ಕಚೇರಿಗಳಿಗೆ ಅಲೆದೆವು. ಒಂದು ಶಾಲೆಯಲ್ಲಿ ಸರಿಹೋಯಿತು ಎನ್ನುವಷ್ಟರಲ್ಲಿ ಇನ್ನೊಂದರಿಂದ ಅದೇ ಸುದ್ದಿ ಬರುತ್ತದೆ. 500 ಕಿಲೋಮೀಟರಿಗೂ ದೂರದ ತಿರುವನಂತಪುರದಲ್ಲಿ ಈ ಮಾತನ್ನು ಎತ್ತಬೇಕಾದವರು ಶಾಸಕರೇ. ಶಾಸಕರಿಲ್ಲದ ವರ್ಷದಲ್ಲಿ ಮನವಿಯನ್ನು ಯಾರ ಕೈಗೆ ಕೊಡುವುದು?

ಗೆಳೆಯರೇ, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. 2021ರಲ್ಲಿ ಸುರೇಂದ್ರನ್ ಅವರ ವಿರುದ್ಧ 745 ಮತಗಳಿಂದ ಗೆದ್ದ ಮುಸ್ಲಿಂ ಲೀಗಿನ ಎ. ಕೆ. ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಪ್ರಮಾಣವಚನ ಸ್ವೀಕರಿಸಿದ್ದು ಕನ್ನಡದಲ್ಲಿ. ನಾನು ಆ ಪಕ್ಷದವನಲ್ಲ, ಆದರೂ ಅಂದು ಟಿವಿಯ ಮುಂದೆ ಕುಳಿತು ನನ್ನ ಕಣ್ಣು ತುಂಬಿ ಬಂತು. ಕನ್ನಡಿಗನೆಂದರೆ ಇಂಥ ಜಾತಿಯವನು, ಇಂಥ ಮತದವನು, ಕರ್ನಾಟಕದ ಮತದಾರನು ಎಂದು ನಿಮ್ಮ ಮನಸ್ಸಿನಲ್ಲಿದ್ದರೆ ದಯವಿಟ್ಟು ಅದನ್ನು ತಿದ್ದಿಕೊಳ್ಳಿ. ನಮಗೆ ಕನಿಕರ ಬೇಕಾಗಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಪಕ್ಕದ ಊರಿನ ಶಾಲೆಗಾಗಿ ಈ ತಿಂಗಳು ಕಳುಹಿಸಬೇಕಾದ ಮನವಿಯ ಕರಡನ್ನು ನಾನೇ ಬರೆದಿದ್ದೇನೆ, ಅದರ ಕೊನೆಯ ಸಾಲಿನಲ್ಲಿ ಆ ಕಾಯ್ದೆಯ ಹೆಸರನ್ನೂ ವರ್ಷವನ್ನೂ ಕಾಣಿಸಿದ್ದೇನೆ.