ಓದುಗರ ಪ್ರಶ್ನೆ, ತಜ್ಞರ ಉತ್ತರ: ಪ್ರಾಸ್ಟೇಟ್ ಮತ್ತು ಮೂತ್ರಪಿಂಡದ ಕ್ಯಾನ್ಸರ್‌ಗಳಲ್ಲಿ ಜೀನ್‌ಗಳ ಪಾತ್ರ

ಪ್ರಶ್ನೆ: ನಮ್ಮ ತಂದೆಯವರ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗಳಿಗೆ ಹರಡಿದೆ. ಗಡ್ಡೆಯ ಚೂರಿನ ಮೇಲೊಂದು, ರಕ್ತದ ಮೇಲೊಂದು, ಹೀಗೆ ಎರಡು ಜೀನ್ ಪರೀಕ್ಷೆಗಳನ್ನು ವೈದ್ಯರು ಬರೆದುಕೊಟ್ಟಿದ್ದಾರೆ. ಒಬ್ಬರದೇ ಜೀನ್‌ಗಳನ್ನು ಎರಡೆರಡು ಸಲ ನೋಡುವುದೇಕೆ?

ಉತ್ತರ: ಜೀನ್‌ಗಳು ಒಬ್ಬರದೇ ಆದರೂ ಈ ಪರೀಕ್ಷೆಗಳು ಹುಡುಕುವುದು ಬೇರೆ ಬೇರೆ ಸಂಗತಿಗಳನ್ನು. ರಕ್ತದ ಪರೀಕ್ಷೆಯಲ್ಲಿ ಕಾಣುವುದು ಅವರು ಹುಟ್ಟುವಾಗಲೇ ಪಡೆದು ಬಂದ, ದೇಹದ ಎಲ್ಲ ಜೀವಕೋಶಗಳಲ್ಲೂ ಇರುವ ಬದಲಾವಣೆ. ಗಡ್ಡೆಯಲ್ಲಿ ಅದರ ಜೊತೆಗೆ, ಬದುಕಿನ ನಡುವೆ ಎಂದೋ ಆ ಕೋಶಗಳಲ್ಲಿ ಮಾತ್ರ ಸೇರಿಕೊಂಡ ಬದಲಾವಣೆಗಳೂ ಇರುತ್ತವೆ. ಗಡ್ಡೆಯಲ್ಲಿ ಸಿಕ್ಕ ದೋಷ ಹುಟ್ಟಿನಿಂದ ಬಂದದ್ದೇ ಅಥವಾ ಆಮೇಲೆ ಸೇರಿದ್ದೇ ಎಂಬುದನ್ನು ಗಡ್ಡೆಯೊಂದನ್ನೇ ನೋಡಿ ಖಚಿತವಾಗಿ ಹೇಳಲಾಗದು. ಹುಟ್ಟಿನಿಂದ ಬಂದದ್ದಾದರೆ ಅದು ನಿಮ್ಮ ಮನೆಯ ಉಳಿದವರಿಗೂ ಸಂಬಂಧಿಸಿದ ವಿಷಯವಾಗುತ್ತದೆ. ಆಮೇಲೆ ಸೇರಿದ್ದಾದರೆ ತಂದೆಯವರ ಚಿಕಿತ್ಸೆಗೆ ಮಾತ್ರ ಸಂಬಂಧಿಸಿರುತ್ತದೆ.

ರೋಗ ಹರಡಿದ ಮೇಲೆ ಈ ಪರೀಕ್ಷೆಯನ್ನು ವೈದ್ಯರು ಒತ್ತಿ ಹೇಳುವುದಕ್ಕೆ ಕಾರಣವಿದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 692 ಪುರುಷರನ್ನು ಪರೀಕ್ಷಿಸಿತು. ಡಿಎನ್‌ಎಗೆ ಆದ ಹಾನಿಯನ್ನು ಸರಿಪಡಿಸುವ ಜೀನ್‌ಗಳಲ್ಲಿ ಹುಟ್ಟಿನಿಂದಲೇ ದೋಷವಿದ್ದವರು ಅವರಲ್ಲಿ ಶೇ. 11.8ರಷ್ಟಿದ್ದರು, ಬಿಆರ್‌ಸಿಎ2 ಎಂಬ ಒಂದೇ ಜೀನಿನ ಪಾಲು ಶೇ. 5.3ರಷ್ಟಿತ್ತು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಕುಟುಂಬದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರಿಗೂ ಇಲ್ಲದವರಿಗೂ ಈ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಆದ್ದರಿಂದ "ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ" ಎಂಬ ಕಾರಣಕ್ಕೆ ಪರೀಕ್ಷೆಯನ್ನು ಬಿಡುವುದು ಸರಿಯಲ್ಲ.

ಬಿಆರ್‌ಸಿಎ2 ಜೀನಿನ ಎರಡೂ ಪ್ರತಿಗಳು ಕೆಟ್ಟ ಕೋಶಕ್ಕೆ ಡಿಎನ್‌ಎಯ ಎರಡೂ ಎಳೆಗಳು ತುಂಡಾದಾಗ ಅವುಗಳನ್ನು ತಪ್ಪಿಲ್ಲದೆ ಜೋಡಿಸಲು ಬರುವುದಿಲ್ಲ. ಅದು ಬೇರೆ ದುರಸ್ತಿ ಮಾರ್ಗಗಳನ್ನು ನೆಚ್ಚಿಕೊಂಡು ಬದುಕುತ್ತದೆ. ಪಾರ್ಪ್ ಎಂಬ ಕಿಣ್ವವನ್ನು ತಡೆಯುವ ಒಲಾಪರಿಬ್‌ನಂತಹ ಔಷಧಗಳು ಆ ಆಸರೆಯನ್ನೂ ಕಿತ್ತುಕೊಳ್ಳುವುದರಿಂದ ಕೋಶ ಸಾಯುತ್ತದೆ. ಇನ್ನೊಂದು ಪ್ರತಿಯಾದರೂ ಸರಿಯಿರುವ ಆರೋಗ್ಯವಂತ ಕೋಶಗಳು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಇಂತಹ ದೋಷವಿರುವ ಪ್ರಾಸ್ಟೇಟ್ ಕ್ಯಾನ್ಸರಿಗೆ ಒಲಾಪರಿಬ್ ಅನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಒಪ್ಪಿತು. ತಂದೆಯವರ ರಕ್ತದಲ್ಲಿ ಈ ದೋಷ ಕಂಡುಬಂದರೆ ಅದು ಪ್ರತಿಯೊಬ್ಬ ಮಗುವಿಗೂ ದಾಟಿರುವ ಸಾಧ್ಯತೆ ಶೇ. 50. ಗಂಡಸರ ಕಾಯಿಲೆಯೆಂದುಕೊಂಡು ಹೆಣ್ಣುಮಕ್ಕಳನ್ನು ಈ ಮಾತುಕತೆಯಿಂದ ಹೊರಗಿಡುವುದನ್ನು ನೋಡುತ್ತಿರುತ್ತೇವೆ. ಅದೇ ಜೀನ್ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ಗಳಿಗೂ ಕಾರಣವಾಗುವುದರಿಂದ ಅವರಿಗೆ ತಿಳಿಯಬೇಕಾದ ಅಗತ್ಯ ಇನ್ನೂ ಹೆಚ್ಚು.

ಪ್ರಶ್ನೆ: ಹಾರ್ಮೋನ್ ತಡೆಯುವ ಚುಚ್ಚುಮದ್ದು ಮೊದಮೊದಲು ಚೆನ್ನಾಗಿ ಕೆಲಸ ಮಾಡಿ, ಕೆಲಕಾಲದ ನಂತರ ಪಿಎಸ್‌ಎ (ಪ್ರಾಸ್ಟೇಟ್ ಕೋಶಗಳಿಂದ ರಕ್ತಕ್ಕೆ ಸೇರುವ ಪ್ರೋಟೀನ್) ಮತ್ತೆ ಏರತೊಡಗುವುದೇಕೆ?

ಉತ್ತರ: ಪ್ರಾಸ್ಟೇಟ್ ಕ್ಯಾನ್ಸರ್ ಪುರುಷ ಹಾರ್ಮೋನನ್ನು ಅವಲಂಬಿಸಿ ಬೆಳೆಯುತ್ತದೆ ಎಂಬುದನ್ನು ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ 1941ರಲ್ಲಿ ತೋರಿಸಿದರು, ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹಾರ್ಮೋನಿನ ಸಂದೇಶವನ್ನು ಕೋಶದೊಳಗೆ ಸ್ವೀಕರಿಸುವುದು ಆಂಡ್ರೊಜೆನ್ ಗ್ರಾಹಕ ಎಂಬ ಪ್ರೋಟೀನ್. ಚಿಕಿತ್ಸೆಯಿಂದ ಹಾರ್ಮೋನ್ ಕುಗ್ಗಿದಾಗ ಹೆಚ್ಚಿನ ಕೋಶಗಳು ಸೊರಗುತ್ತವೆ, ಆದರೆ ಗ್ರಾಹಕದಲ್ಲೇ ಬದಲಾವಣೆ ಮಾಡಿಕೊಂಡ ಕೋಶಗಳು ಉಳಿದು ಬೆಳೆಯುತ್ತವೆ. ಕೆಲವು ಗಡ್ಡೆಗಳು ಆ ಜೀನಿನ ಪ್ರತಿಗಳನ್ನು ಹೆಚ್ಚಿಸಿಕೊಂಡು ಅತ್ಯಲ್ಪ ಹಾರ್ಮೋನಿಗೂ ಸ್ಪಂದಿಸುತ್ತವೆ. ಕೆಲವು ಅಡ್ರಿನಲ್ ಗ್ರಂಥಿಯಿಂದ ಬರುವ ಕಚ್ಚಾಪದಾರ್ಥದಿಂದ ತಾವೇ ಹಾರ್ಮೋನ್ ತಯಾರಿಸಿಕೊಳ್ಳುತ್ತವೆ. ಇನ್ನು ಕೆಲವು ಎಆರ್-ವಿ7 ಎಂಬ ಮೊಟಕು ಗ್ರಾಹಕವನ್ನು ರೂಪಿಸಿಕೊಳ್ಳುತ್ತವೆ. ಹಾರ್ಮೋನ್ ಬಂದು ಕೂರುವ ಭಾಗವೇ ಅದರಲ್ಲಿಲ್ಲ, ಆದರೂ ಅದು ಸದಾ ಚಾಲನೆಯಲ್ಲಿರುತ್ತದೆ. ಎರಡನೆಯ ತಂತ್ರವನ್ನು ಗುರಿಯಾಗಿಸಿದ ಅಬಿರಟೆರೋನ್ 2011ರಲ್ಲಿಯೂ, ಗ್ರಾಹಕವನ್ನೇ ಬಿಗಿಯಾಗಿ ತಡೆಯುವ ಎಂಜಲುಟಮೈಡ್ 2012ರಲ್ಲಿಯೂ ಬಳಕೆಗೆ ಬಂದವು. ಮೂರನೆಯದಕ್ಕೆ ಇವೆರಡೂ ಸಾಮಾನ್ಯವಾಗಿ ನಾಟುವುದಿಲ್ಲ, ಏಕೆಂದರೆ ಎಂಜಲುಟಮೈಡ್ ಕೂರುವ ಜಾಗವೂ ಆ ಕಳೆದುಹೋದ ಭಾಗದಲ್ಲೇ ಇತ್ತು.

ಇದೇ ಹಾರ್ಮೋನಿನ ಕಥೆಗೆ ಸೇರಿದ ಇನ್ನೊಂದು ಶೋಧವನ್ನು ಹೇಳಬೇಕು. ಮಿಷಿಗನ್ ವಿಶ್ವವಿದ್ಯಾಲಯದ ಅರುಳ್ ಚಿನ್ನಯ್ಯನ್ ಅವರ ತಂಡ 2005ರಲ್ಲಿ ಪ್ರಾಸ್ಟೇಟ್ ಗಡ್ಡೆಗಳಲ್ಲಿ ಎರಡು ಜೀನ್‌ಗಳು ಬೆಸೆದುಕೊಂಡಿರುವುದನ್ನು ಕಂಡಿತು. ಹಾರ್ಮೋನಿನ ಆಜ್ಞೆಗೆ ಓಗೊಡುವ ಟಿಎಂಪಿಆರ್‌ಎಸ್‌ಎಸ್2 ಜೀನಿನ ಆರಂಭದ ಭಾಗಕ್ಕೆ ಇಆರ್‌ಜಿ ಎಂಬ ಜೀನ್ ಅಂಟಿಕೊಂಡು, ಪ್ರಾಸ್ಟೇಟ್ ಕೋಶದಲ್ಲಿ ಸುಮ್ಮನಿರಬೇಕಾದ ಇಆರ್‌ಜಿ ಹಾರ್ಮೋನ್ ಹೇಳಿದಂತೆ ಕುಣಿಯತೊಡಗುತ್ತದೆ. ಯುರೋಪಿಯನ್ ಮೂಲದ ಪುರುಷರ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಬೆಸುಗೆ ಇರುತ್ತದೆ, ಏಷ್ಯಾದವರಲ್ಲಿ ಅದಕ್ಕಿಂತ ಕಡಿಮೆ. ಇಷ್ಟು ವ್ಯಾಪಕವಾದ ದೋಷವೇ ಸಿಕ್ಕಿದ ಮೇಲೆ ಔಷಧ ದೂರವಿಲ್ಲ ಎಂದು ಅನೇಕರು ನಿರೀಕ್ಷಿಸಿದ್ದರು. ಇಆರ್‌ಜಿಯನ್ನು ನೇರವಾಗಿ ತಡೆಯುವ ಔಷಧ ಇಂದಿಗೂ ಚಿಕಿತ್ಸೆಯ ಬಳಕೆಗೆ ಬಂದಿಲ್ಲ.

ಪ್ರಶ್ನೆ: ಮೂತ್ರಪಿಂಡದ ಕ್ಯಾನ್ಸರಿಗೂ ಆಮ್ಲಜನಕದ ಕುರಿತ 2019ರ ನೊಬೆಲ್ ಪ್ರಶಸ್ತಿಗೂ ಸಂಬಂಧವಿದೆ ಎಂದು ಓದಿದೆ. ಅದು ಹೇಗೆ?

ಉತ್ತರ: ಈ ಸಂಬಂಧ ಒಂದು ಅಪರೂಪದ ಕೌಟುಂಬಿಕ ರೋಗದಿಂದ ಆರಂಭವಾಗುತ್ತದೆ. ವಾನ್ ಹಿಪ್ಪೆಲ್-ಲಿಂಡೌ ಎಂಬ ಈ ರೋಗವಿರುವವರಿಗೆ ಕಣ್ಣಿನ ಅಕ್ಷಿಪಟ, ಮಿದುಳು ಮತ್ತು ಮೂತ್ರಪಿಂಡಗಳಲ್ಲಿ ರಕ್ತನಾಳಗಳಿಂದ ತುಂಬಿದ ಗಡ್ಡೆಗಳು ಬೆಳೆಯುತ್ತವೆ. ಅದಕ್ಕೆ ಕಾರಣವಾದ ವಿಎಚ್‌ಎಲ್ ಜೀನನ್ನು 3ನೇ ವರ್ಣತಂತುವಿನ ಗಿಡ್ಡ ತೋಳಿನಲ್ಲಿ 1993ರಲ್ಲಿ ಗುರುತಿಸಲಾಯಿತು. ಬಳಿಕ ತಿಳಿದದ್ದೇನೆಂದರೆ, ಮನೆತನದಲ್ಲಿ ಯಾರಿಗೂ ಈ ರೋಗವಿಲ್ಲದ ಸಾಮಾನ್ಯ ರೋಗಿಗಳಲ್ಲೂ, ಮೂತ್ರಪಿಂಡದ ಕ್ಯಾನ್ಸರ್‌ಗಳ ಪೈಕಿ ಅತಿ ಹೆಚ್ಚು ಕಾಣುವ 'ತಿಳಿಕೋಶ' ಬಗೆಯ ಬಹುಪಾಲು ಗಡ್ಡೆಗಳಲ್ಲಿ ಇದೇ ಜೀನ್ ನಿಷ್ಕ್ರಿಯವಾಗಿರುತ್ತದೆ. ಆಲ್‌ಫ್ರೆಡ್ ನಡ್ಸನ್ 1971ರಲ್ಲಿ ಮಕ್ಕಳ ಕಣ್ಣಿನ ಕ್ಯಾನ್ಸರನ್ನು ಗಮನಿಸಿ ಮುಂದಿಟ್ಟ, ಜೀನಿನ ಎರಡೂ ಪ್ರತಿಗಳು ಕೆಟ್ಟಾಗಲೇ ಗಡ್ಡೆ ಬೆಳೆಯುತ್ತದೆ ಎಂಬ 'ಎರಡು ಪೆಟ್ಟು'ಗಳ ವಾದ ಇಲ್ಲಿಗೂ ಒಪ್ಪುತ್ತದೆ. ಕೌಟುಂಬಿಕ ರೋಗದಲ್ಲಿ ಮೊದಲ ಪೆಟ್ಟು ಹುಟ್ಟುವಾಗಲೇ ಬಿದ್ದಿರುತ್ತದೆ. ಉಳಿದವರಲ್ಲಿ ಎರಡೂ ಪೆಟ್ಟುಗಳು ಒಂದೇ ಕೋಶದ ಮೇಲೆ ಬೀಳಬೇಕಾಗುವುದರಿಂದ ರೋಗ ತಡವಾಗಿ, ಸಾಮಾನ್ಯವಾಗಿ ಒಂದೇ ಗಡ್ಡೆಯಾಗಿ ಬರುತ್ತದೆ.

ವಿಎಚ್‌ಎಲ್ ಪ್ರೋಟೀನಿನ ಕೆಲಸವೇನು ಎಂಬುದನ್ನು ನೀವು ಹೇಳಿದ 2019ರ ನೊಬೆಲ್ ಪಡೆದ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆಂಜಾ ಅವರ ಸಂಶೋಧನೆಗಳು ಬಿಡಿಸಿಟ್ಟವು. ಆಮ್ಲಜನಕ ಕಡಿಮೆಯಾದಾಗ ಕೋಶದಲ್ಲಿ ಎಚ್‌ಐಎಫ್ ಎಂಬ ಪ್ರೋಟೀನ್ ಶೇಖರವಾಗಿ, ಹೊಸ ರಕ್ತನಾಳಗಳನ್ನೂ ಹೆಚ್ಚು ಕೆಂಪು ರಕ್ತಕಣಗಳನ್ನೂ ಉಂಟುಮಾಡುವ ಜೀನ್‌ಗಳನ್ನು ಎಬ್ಬಿಸುತ್ತದೆ. ಆಮ್ಲಜನಕ ಸಾಕಷ್ಟಿರುವಾಗ ಎಚ್‌ಐಎಫ್ ಮೇಲೆ ಒಂದು ರಾಸಾಯನಿಕ ಗುರುತು ಬೀಳುತ್ತದೆ. ವಿಎಚ್‌ಎಲ್ ಆ ಗುರುತನ್ನು ಹಿಡಿದು ಅದನ್ನು ನಾಶಕ್ಕೆ ಕಳಿಸುತ್ತದೆ. ವಿಎಚ್‌ಎಲ್ ಇಲ್ಲದ ಕೋಶ ಬೇಕಾದಷ್ಟು ಆಮ್ಲಜನಕದ ನಡುವೆಯೂ ತನಗೆ ಉಸಿರುಗಟ್ಟಿದೆ ಎಂಬಂತೆ ವರ್ತಿಸುತ್ತದೆ. ಈ ಗಡ್ಡೆಗಳಲ್ಲಿ ರಕ್ತನಾಳಗಳು ಅಷ್ಟು ದಟ್ಟವಾಗಿರುವುದಕ್ಕೂ, ಕೆಲವು ರೋಗಿಗಳಲ್ಲಿ ಹಿಮೋಗ್ಲೋಬಿನ್ ಅಸಹಜವಾಗಿ ಏರುವುದಕ್ಕೂ ಕಾರಣ ಇದೇ.

2005-06ರ ಹೊತ್ತಿಗೆ ಬಂದ ಸೊರಾಫೆನಿಬ್ ಮತ್ತು ಸುನಿಟಿನಿಬ್ ಔಷಧಗಳು ರಕ್ತನಾಳ ಬೆಳೆಸುವ ಸಂದೇಶವನ್ನು ತಡೆದವು, ಅಂದರೆ ಎಚ್‌ಐಎಫ್‌ನ ಕೆಳಗಿನ ಮೆಟ್ಟಿಲಿನಲ್ಲಿ ಕೆಲಸ ಮಾಡಿದವು. ಎಚ್‌ಐಎಫ್ ಅನ್ನೇ ಹಿಡಿಯುವುದು ಅಸಾಧ್ಯವೆಂದೇ ಬಹುಕಾಲ ತಿಳಿಯಲಾಗಿತ್ತು. ಎಚ್‌ಐಎಫ್‌ನ ಒಂದು ಬಗೆಯಾದ ಎಚ್‌ಐಎಫ್-2ರ ಭಾಗವಾಗಿರುವ ಎಚ್‌ಐಎಫ್-2 ಆಲ್ಫಾದ ರಚನೆಯೊಳಗೆ ಔಷಧದ ಅಣು ಹೊಕ್ಕು ಕೂರಬಹುದಾದ ಒಂದು ಪೊಳ್ಳು ಇರುವುದನ್ನು ಡಲ್ಲಾಸ್‌ನ ಸಂಶೋಧಕರು ಪತ್ತೆಹಚ್ಚಿದ ಮೇಲೆ ಅದು ಸಾಧ್ಯವಾಯಿತು. ಅಲ್ಲಿಂದ ರೂಪುಗೊಂಡ ಬೆಲ್ಜುಟಿಫಾನ್ 2021ರಲ್ಲಿ ವಾನ್ ಹಿಪ್ಪೆಲ್-ಲಿಂಡೌ ರೋಗಿಗಳಿಗೆ, 2023ರಲ್ಲಿ ಇತರ ಚಿಕಿತ್ಸೆಗಳ ನಂತರವೂ ಮುಂದುವರಿದ ಮೂತ್ರಪಿಂಡದ ಕ್ಯಾನ್ಸರಿಗೆ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದರ ಪ್ರಮುಖ ಅಡ್ಡಪರಿಣಾಮ ರಕ್ತಹೀನತೆ. ಕೆಂಪು ರಕ್ತಕಣಗಳನ್ನು ಹೆಚ್ಚಿಸುವ ಸಂದೇಶವೂ ಎಚ್‌ಐಎಫ್-2ರಿಂದಲೇ ಹೊರಡುವುದರಿಂದ ಇದು ಔಷಧ ಗುರಿಮುಟ್ಟಿರುವುದರ ಲಕ್ಷಣವೂ ಹೌದು.

ಪ್ರಶ್ನೆ: ಒಂದೇ ಒಂದು ಬಯಾಪ್ಸಿ ಚೂರಿನಿಂದ ಇಡೀ ಗಡ್ಡೆಯ ಸ್ವಭಾವ ತಿಳಿಯುತ್ತದೆಯೇ?

ಉತ್ತರ: ಪೂರ್ತಿಯಾಗಿ ತಿಳಿಯುವುದಿಲ್ಲ. ಲಂಡನ್ನಿನ ಚಾರ್ಲ್ಸ್ ಸ್ವಾಂಟನ್ ಅವರ ತಂಡ 2012ರಲ್ಲಿ ಮೂತ್ರಪಿಂಡದ ಒಂದೇ ಗಡ್ಡೆಯ ಹಲವು ಭಾಗಗಳನ್ನು ಬೇರೆ ಬೇರೆಯಾಗಿ ಓದಿದಾಗ, ಸುಮಾರು ಮೂರನೇ ಎರಡರಷ್ಟು ಬದಲಾವಣೆಗಳು ಎಲ್ಲ ಭಾಗಗಳಲ್ಲೂ ಇರಲಿಲ್ಲ. 3ನೇ ವರ್ಣತಂತುವಿನ ಗಿಡ್ಡ ತೋಳು ಕಳೆದುಹೋಗುವಂತಹ ಬುಡದ ಘಟನೆಗಳು ಹೆಚ್ಚುಕಡಿಮೆ ಎಲ್ಲೆಡೆ ಸಿಗುತ್ತವೆ. ರೋಗ ಎಷ್ಟು ಬೇಗ ಹರಡೀತು ಎಂಬುದನ್ನು ಸೂಚಿಸುವ ಬಿಎಪಿ1ರಂತಹ ಜೀನ್‌ಗಳ ದೋಷ ಒಂದು ಮೂಲೆಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಆ ತೋಳು ಕಳೆದುಹೋಗುವ ಘಟನೆ ಅನೇಕರಲ್ಲಿ ಬಾಲ್ಯ ಅಥವಾ ಹರೆಯದಲ್ಲೇ, ರೋಗ ಪತ್ತೆಯಾಗುವುದಕ್ಕೆ ದಶಕಗಳ ಮೊದಲೇ, ಕೆಲವೇ ಕೋಶಗಳಲ್ಲಿ ನಡೆದಿರುತ್ತದೆ ಎಂದು 2018ರ ಒಂದು ಅಧ್ಯಯನ ಲೆಕ್ಕಹಾಕಿತು. ಪ್ರಾಸ್ಟೇಟ್‌ನಲ್ಲಂತೂ ಒಂದೇ ಗ್ರಂಥಿಯೊಳಗೆ ಪರಸ್ಪರ ಸಂಬಂಧವಿಲ್ಲದ ಎರಡು ಮೂರು ಗಡ್ಡೆಗಳು ಇರುವುದು ಸಾಮಾನ್ಯ.

ಪ್ರಶ್ನೆ: ನಮ್ಮ ತಾಯಿಗೆ ಮೂತ್ರಪಿಂಡದ ಕ್ಯಾನ್ಸರ್ ಆಗಿತ್ತು. ನಮಗೂ ಬರುತ್ತದೆಯೇ?

ಉತ್ತರ: ಮೂತ್ರಪಿಂಡದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಒಂದೇ ಜೀನಿನ ಮೂಲಕ ವಂಶದಲ್ಲಿ ಇಳಿದು ಬರುವಂಥವಲ್ಲ. ತಾಯಿಯವರಿಗೆ ಚಿಕ್ಕ ವಯಸ್ಸಿನಲ್ಲೇ ರೋಗ ಬಂದಿದ್ದರೆ, ಎರಡೂ ಮೂತ್ರಪಿಂಡಗಳಲ್ಲಿ ಅಥವಾ ಒಂದರಲ್ಲೇ ಹಲವು ಗಡ್ಡೆಗಳಿದ್ದರೆ, ಇಲ್ಲವೇ ಹತ್ತಿರದ ಸಂಬಂಧಿಕರಲ್ಲಿ ಇನ್ನೊಬ್ಬರಿಗೂ ಇದ್ದರೆ ತಳಿಶಾಸ್ತ್ರದ ಸಲಹೆಗಾರರನ್ನು ಕಾಣಬೇಕು. ಮೂತ್ರಪಿಂಡದ ಹೊರಗಿನ ಸುಳಿವುಗಳೂ ಉಪಯುಕ್ತ. ಮುಖದ ಮೇಲೆ ಸಣ್ಣ ಬಿಳಿ ಗುಳ್ಳೆಗಳು, ಶ್ವಾಸಕೋಶ ಇದ್ದಕ್ಕಿದ್ದಂತೆ ಕುಸಿದ ಇತಿಹಾಸ ಇದ್ದರೆ ಎಫ್‌ಎಲ್‌ಸಿಎನ್ ಜೀನಿನ ಕಡೆಗೂ, ಚರ್ಮದಲ್ಲಿ ನೋವಿನ ಗಂಟುಗಳು, ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಫೈಬ್ರಾಯ್ಡ್‌ಗಳು ಇದ್ದರೆ ಎಫ್‌ಎಚ್ ಜೀನಿನ ಕಡೆಗೂ ವೈದ್ಯರ ಗಮನ ಹೋಗುತ್ತದೆ.

ಯಾವ ಜೀನ್ ಎಂಬುದು ಶಸ್ತ್ರಚಿಕಿತ್ಸೆಯ ಸಮಯವನ್ನೇ ನಿರ್ಧರಿಸುತ್ತದೆ. ವಿಎಚ್‌ಎಲ್ ದೋಷವಿದ್ದವರಲ್ಲಿ ದೊಡ್ಡ ಗಡ್ಡೆ 3 ಸೆಂಟಿಮೀಟರ್ ತಲುಪುವವರೆಗೆ ಸ್ಕ್ಯಾನ್ ಮಾಡಿ ಗಮನಿಸುತ್ತಾ, ಮೂತ್ರಪಿಂಡವನ್ನು ಆದಷ್ಟು ಉಳಿಸಿಕೊಳ್ಳುವುದು ರೂಢಿ. ಎಫ್‌ಎಚ್ ದೋಷದ ಗಡ್ಡೆ ಚಿಕ್ಕದಿರುವಾಗಲೇ ಹರಡಬಲ್ಲದ್ದಾದ್ದರಿಂದ ಅಲ್ಲಿ ಹಾಗೆ ಕಾಯುವಂತಿಲ್ಲ.

ಪ್ರಶ್ನೆ: ನನಗೆ ಯಾವ ತೊಂದರೆಯೂ ಇಲ್ಲ, ಕುಟುಂಬದಲ್ಲೂ ಕ್ಯಾನ್ಸರ್ ಇಲ್ಲ. ಮುಂಜಾಗ್ರತೆಗಾಗಿ ಜೀನ್ ಪರೀಕ್ಷೆ ಮಾಡಿಸಲೇ?

ಉತ್ತರ: ಸದ್ಯಕ್ಕೆ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯವನ್ನು ತುಸು ಹೆಚ್ಚಿಸುವ ನೂರಾರು ಸಣ್ಣ ವ್ಯತ್ಯಾಸಗಳು ಪತ್ತೆಯಾಗಿದ್ದು, ಅವುಗಳನ್ನು ಕೂಡಿಸಿ ಅಪಾಯದ ಅಂಕ ನೀಡುವ ಪರೀಕ್ಷೆಗಳಿವೆ. ಆದರೆ ಆ ಲೆಕ್ಕದ ಬಹುಭಾಗ ಯುರೋಪಿಯನ್ ಮೂಲದವರ ಮಾಹಿತಿಯನ್ನು ಆಧರಿಸಿದೆ. ಜೀವಕ್ಕೆ ಕುತ್ತು ತರುವ ಗಡ್ಡೆಯನ್ನೂ ನಿಧಾನವಾಗಿ ಬೆಳೆಯುವ ನಿರುಪದ್ರವಿ ಗಡ್ಡೆಯನ್ನೂ ಆ ಅಂಕ ಚೆನ್ನಾಗಿ ಬೇರ್ಪಡಿಸುವುದಿಲ್ಲ. ಜೊತೆಗೆ 'ಅರ್ಥ ಅನಿಶ್ಚಿತವಾದ ಬದಲಾವಣೆ' ಎಂಬ ಷರಾ ವರದಿಯಲ್ಲಿ ಬಂದರೆ ಅದನ್ನು ಆಧರಿಸಿ ಯಾವ ಚಿಕಿತ್ಸೆಯನ್ನೂ ಬದಲಿಸಬಾರದು. ಹತ್ತಿರದ ಸಂಬಂಧಿಕರಲ್ಲಿ ಸ್ತನ, ಅಂಡಾಶಯ ಅಥವಾ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದದ್ದು ಮುಂದೆ ತಿಳಿದುಬಂದರೆ ಈ ಉತ್ತರ ಬದಲಾಗುತ್ತದೆ.