‘ನಾನು ಒಣಮರ’ ಅನ್ನಬೇಡಿ

ಈ ಸಂಚಿಕೆಯ ವಾಚಕರ ಪ್ರಶ್ನೆಗಳಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕ್ರೈಸ್ತ ಓದುಗರ ಪತ್ರಗಳನ್ನು ತೆಗೆದುಕೊಂಡಿದ್ದೇವೆ. ಬರೆದವರಲ್ಲಿ ಹೆಚ್ಚಿನವರು ಲಿಂಗತ್ವ ಅಲ್ಪಸಂಖ್ಯಾತರು, ಒಬ್ಬರು ತಾಯಿ. ಹೆಸರು ಕೈಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಹದಿನಾಲ್ಕನೇ ವಯಸ್ಸಿನಿಂದ ದಿನಾ ರಾತ್ರಿ ಒಂದೇ ಪ್ರಾರ್ಥನೆ: ‘ಕರ್ತನೇ, ಬೆಳಗಾಗುವುದರೊಳಗೆ ನನ್ನೊಳಗಿನ ಹೆಣ್ಣನ್ನು ತೆಗೆದುಬಿಡು.’ ಈಗ ನನಗೆ ಇಪ್ಪತ್ತಾರು. ಏನೂ ಬದಲಾಗಿಲ್ಲ. ಈಚೆಗೆ ಮೊಣಕಾಲೂರಿದರೆ ಮಾತೇ ಹೊರಡುವುದಿಲ್ಲ. ನನ್ನ ನಂಬಿಕೆ ಸತ್ತುಹೋಯಿತೇ? (ಗುಳೇದಗುಡ್ಡ)

ಉತ್ತರ: ನಂಬಿಕೆ ಇಲ್ಲದವರು ಹನ್ನೆರಡು ವರ್ಷ ಒಂದೇ ಬಾಗಿಲು ಬಡಿಯುವುದಿಲ್ಲ. ಮಾತು ನಿಂತದ್ದಕ್ಕೆ ಕಾರಣ ಬೇರೆ. ರಾತ್ರಿ ‘ಬದಲಾಯಿಸು’ ಎಂದು ಬೇಡಿ, ಬೆಳಿಗ್ಗೆ ಎದ್ದು ‘ಬದಲಾದೆನೇ’ ಎಂದು ನೋಡಿಕೊಳ್ಳುವಾಗ ಪ್ರಾರ್ಥನೆ ಪರೀಕ್ಷೆಯಾಗಿಬಿಡುತ್ತದೆ, ದಿನವೂ ನಪಾಸಾಗುವ ಪರೀಕ್ಷೆ. ನಪಾಸಾದವರು ತಪ್ಪನ್ನು ತಮ್ಮ ಮೇಲೇ ಹೊತ್ತುಕೊಳ್ಳುತ್ತಾರೆ: ಇನ್ನೊಂದು ಉಪವಾಸ, ಇನ್ನೊಂದು ಹರಕೆ, ಕೊನೆಗೆ ದೇವರ ಮುಂದೆ ಕೂರುವುದೆಂದರೇ ಭಯ. ಅಪೊಸ್ತಲ ಪೌಲನು ತನ್ನ ಶರೀರದ ಮುಳ್ಳನ್ನು, ಅಂದರೆ ತನ್ನನ್ನು ಕಾಡುತ್ತಿದ್ದ ಬಾಧೆಯನ್ನು, ತೆಗೆದುಬಿಡೆಂದು ಬೇಡಿಕೊಂಡದ್ದು ಮೂರೇ ಸಲ (2 ಕೊರಿಂಥ 12:8). ನಾಲ್ಕನೇ ಸಲ ಬೇಡಿದನೆಂದು ಎಲ್ಲೂ ಬರೆದಿಲ್ಲ. ನಿಮ್ಮೊಳಗಿನ ಹೆಣ್ಣು ಮುಳ್ಳು ಎಂದು ನಾವು ಹೇಳುತ್ತಿಲ್ಲ, ಖಂಡಿತ ಇಲ್ಲ. ಒಂದು ಬೇಡಿಕೆಯನ್ನು ಕೆಳಗಿಡುವುದು ಅಪನಂಬಿಕೆಯಲ್ಲ ಎಂದಷ್ಟೇ ನಮ್ಮ ಮಾತು.

ಒಂದು ತಿಂಗಳು ಆ ಸಾಲನ್ನು ಬಿಟ್ಟುಬಿಡಿ. ಅದರ ಜಾಗದಲ್ಲಿ 13ನೇ ಕೀರ್ತನೆ ಹಿಡಿಯಿರಿ, ಇರುವುದೇ ಆರು ವಚನ. ಮೊದಲೆರಡು ವಚನಗಳಲ್ಲಿ ದಾವೀದನು ‘ಎಲ್ಲಿಯ ತನಕ’ ಎಂದು ದೇವರನ್ನೇ ನಾಲ್ಕು ಸಲ ಕೇಳುತ್ತಾನೆ. ಅದನ್ನು ಗಟ್ಟಿಯಾಗಿ ಓದಿ, ನಿಮ್ಮವೇ ನಾಲ್ಕು ‘ಎಲ್ಲಿಯ ತನಕ’ಗಳನ್ನು ಮನೆಮಾತಿನಲ್ಲೇ ಬರೆಯಿರಿ. ‘ಎಲ್ಲೀತನಕ ನಾ ಅಣ್ಣನ ಅಂಗಿ ಹಾಕ್ಕೊಂಡು ಸಂತೀಗೆ ಹೋಗ್ಲಿ ದೇವರೇ’ ಅನ್ನುವುದು ಪೂರ್ಣ ಪ್ರಾರ್ಥನೆ, ಗ್ರಾಂಥಿಕ ಕನ್ನಡ ಬೇಕಿಲ್ಲ. 3 ಮತ್ತು 4ನೇ ವಚನದ ಹೊತ್ತಿಗೆ ಒಂದೇ ಬೇಡಿಕೆ ಇಡಿ, ಅದೂ ಇವತ್ತಿನದು: ನಿದ್ದೆ ಕೊಡು, ನಾಳೆ ಅಂಗಡಿಯಲ್ಲಿ ಯಾರೂ ಹಂಗಿಸದಿರಲಿ. ಕೊನೆಯೆರಡು ವಚನಗಳ ಭರವಸೆ ಬಾಯಿಗೆ ಬಂದರೆ ಹೇಳಿ, ಬರದಿದ್ದರೆ ಎರಡು ನಿಮಿಷ ಸುಮ್ಮನೆ ಕುಳಿತು ಎದ್ದುಬಿಡಿ. ಹತ್ತು ಹದಿನೈದು ನಿಮಿಷ ಸಾಕು. ಇಲ್ಲಿ ಬಹಳ ಮಂದಿ ಎಡವುವುದು ಕೊನೆಯ ಸ್ತೋತ್ರಕ್ಕೆ ನೇರ ಜಿಗಿಯುವುದರಿಂದ. ನೋವು ಹೇಳದೆ ಮಾಡಿದ ಸ್ತೋತ್ರ ಗಂಟಲಲ್ಲೇ ಉಳಿಯುತ್ತದೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದನ್ನು ಬೈಬಲ್ಲಿನಿಂದ ಯಾರೂ ತೆಗೆದುಹಾಕಲಿಲ್ಲ.

139ನೇ ಕೀರ್ತನೆಯ 13, 14ನೇ ವಚನಗಳನ್ನು (ತಾಯಿಯ ಗರ್ಭದಲ್ಲಿ ರೂಪಿಸಿದ್ದು) ಮೊದಲ ದಿನವೇ ಓದಬೇಡಿ. ಮೈಮೇಲೆ ಸಿಟ್ಟಿರುವಾಗ ಆ ವಚನ ಬೈಗುಳದಂತೆ ಕೇಳಿಸುತ್ತದೆ. ಎರಡು ವಾರ ಕಳೆಯಲಿ. ಆಮೇಲೆ ಓದುವಾಗ ನೀವು ನಿಮ್ಮನ್ನು ಕರೆದುಕೊಳ್ಳುವ ಹೆಸರನ್ನೇ ಸೇರಿಸಿ ಓದಿ. ಅಬ್ರಾಮ, ಸಾರಯ, ಯಾಕೋಬ ಮೂವರ ಹೆಸರನ್ನೂ ನಡುದಾರಿಯಲ್ಲಿ ಬದಲಿಸಿದ ದೇವರಿಗೆ ನಿಮ್ಮ ಹೊಸ ಹೆಸರು ಹೊರೆಯಾಗದು.

ಸಾಯುವ ವಿಚಾರ ಬಂದ ರಾತ್ರಿ ಪ್ರಾರ್ಥನೆಯೊಂದನ್ನೇ ನೆಚ್ಚಿ ಒಬ್ಬರೇ ಕೂರಬೇಡಿ. 14416 ಒತ್ತಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲಿರುಳೂ ಕನ್ನಡದಲ್ಲಿ ಮಾತಾಡುತ್ತಾರೆ.

ಪ್ರಶ್ನೆ: ಯುವಜನ ಕೂಟದಲ್ಲಿ ನನಗೆ ಧರ್ಮೋಪದೇಶಕಾಂಡ 22:5 ತೋರಿಸಿ ಬಾಯಿ ಮುಚ್ಚಿಸುತ್ತಾರೆ. ಏನು ಹೇಳಲಿ? (ಬೆಳಗಾವಿ, ಕಾಲೇಜು ವಿದ್ಯಾರ್ಥಿನಿ)

ಉತ್ತರ: ಆ ವಚನ ಇರುವುದು ನಿಜ: ಹೆಂಗಸು ಗಂಡಸಿನ ಉಡುಪನ್ನೂ ಗಂಡಸು ಹೆಂಗಸಿನ ಉಡುಪನ್ನೂ ಹಾಕಬಾರದು. ಪುಟ ಮಡಚದೆ ಕೆಳಗೆ ಓದಲು ಹೇಳಿ. 8ನೇ ವಚನ: ಮಾಳಿಗೆಗೆ ಸುತ್ತುಗೋಡೆ ಕಟ್ಟಬೇಕು. 9: ದ್ರಾಕ್ಷಿತೋಟದಲ್ಲಿ ಬೇರೆ ಬೀಜ ಬಿತ್ತಬಾರದು. 10: ಎತ್ತು ಕತ್ತೆ ಜೊತೆಗೂಡಿಸಿ ಉಳಬಾರದು. 11: ಉಣ್ಣೆ ನಾರು ಕೂಡಿಸಿ ನೇಯ್ದ ಬಟ್ಟೆ ತೊಡಬಾರದು. ವಿಜಯಪುರದ ದ್ರಾಕ್ಷಿ ಬೆಳೆಗಾರ ಬಳ್ಳಿಗಳ ನಡುವೆ ಇನ್ನೊಂದು ಬೆಳೆ ಹಾಕಿದ್ದಕ್ಕೆ ಅವನನ್ನು ಯಾವ ಸಭೆಯೂ ಹೊರಗಿಟ್ಟಿಲ್ಲ. ಅದೇ ಪುಟದ ಒಂದು ವಚನ ಮಾತ್ರ ಇವತ್ತಿಗೂ ಅಕ್ಷರಶಃ ಹೇಗೆ ಉಳಿಯಿತು ಎಂದು ಮರ್ಯಾದೆಯಿಂದಲೇ ಕೇಳಿ. ‘ಉಡುಪಿನ ವಚನ ನೀತಿಯ ಮಾತು, ಉಳಿದವು ವಿಧಿಯ ಮಾತು’ ಎಂದು ಅವರು ಉತ್ತರಿಸಬಹುದು, ಅದು ಹಳೆಯ ವಾದ. ಆದರೆ ಆ ವಿಂಗಡಣೆ ಪಠ್ಯದಲ್ಲಿಲ್ಲ, ಓದುವವರು ಮಾಡಿಕೊಂಡದ್ದು.

ನಿಜವಾದ ಮಾತು ಮುಂದಿನ ಅಧ್ಯಾಯದಲ್ಲಿದೆ. 23:1 ವೃಷಣ ಜಜ್ಜಿಹೋದವರನ್ನೂ ಜನನಾಂಗ ಕತ್ತರಿಸಿಹೋದವರನ್ನೂ ಯೆಹೋವನ ಸಭೆಗೆ ಸೇರಿಸುವುದಿಲ್ಲ. ಕಠೋರ ನಿಯಮ. ಯೆಶಾಯ 56ಕ್ಕೆ ಬನ್ನಿ, ಅದೇ ದೇವರು ಹೇಳುತ್ತಾನೆ: ನಪುಂಸಕನು ‘ನಾನು ಒಣಮರ’ ಅನ್ನದಿರಲಿ. ತನಗೆ ಮೆಚ್ಚಿಕೆಯಾದದ್ದನ್ನು ಆರಿಸಿಕೊಂಡು ಒಡಂಬಡಿಕೆ ಕಾಯುವವರಿಗೆ ತನ್ನ ಆಲಯದಲ್ಲೇ, ತನ್ನ ಗೋಡೆಗಳೊಳಗೇ, ಗಂಡು ಹೆಣ್ಣು ಮಕ್ಕಳಿರುವುದಕ್ಕಿಂತ ಮೇಲಾದ ಹೆಸರು ಕೊಡುತ್ತೇನೆ ಎನ್ನುತ್ತಾನೆ. ಹೊರಗಿಟ್ಟ ನಿಯಮಕ್ಕೆ ಬೈಬಲ್ಲೇ ಕೊಟ್ಟ ಉತ್ತರ ಅದು. ಅಪೊಸ್ತಲರ ಕೃತ್ಯಗಳು 8ರ ಐಥಿಯೋಪ್ಯದ ಕಂಚುಕಿ (ಅರಮನೆಯ ನಪುಂಸಕ ಅಧಿಕಾರಿ), ರಾಣಿಯ ಖಜಾನೆ ನೋಡಿಕೊಳ್ಳುವವನು, ರಥದಲ್ಲಿ ಓದುತ್ತಿದ್ದದ್ದೂ ಯೆಶಾಯನ ಸುರುಳಿಯನ್ನೇ. ನೀರು ಕಂಡ ಕೂಡಲೇ ‘ನನಗೆ ದೀಕ್ಷಾಸ್ನಾನವಾಗಲು ಅಡ್ಡಿ ಏನು’ ಎಂದು ಕೇಳಿದ. ಅವನಿಗೆ ಸುವಾರ್ತೆ ಹೇಳಿದ ಫಿಲಿಪ್ಪನು ಸಮಿತಿ ಕರೆಯಲಿಲ್ಲ, ಅವನೊಡನೆ ನೀರಿಗೆ ಇಳಿದ.

ಒಂದು ಎಚ್ಚರಿಕೆ. ಬೈಬಲ್ಲಿನ ನಪುಂಸಕ, ಕಂಚುಕಿ ಎಂದರೆ ಇಂದಿನ ಟ್ರಾನ್ಸ್ ಮಹಿಳೆ (ಗಂಡೆಂದು ಗುರುತಿಸಲ್ಪಟ್ಟು ಹುಟ್ಟಿ ಹೆಣ್ಣಾಗಿ ಬದುಕುವವಳು) ಎಂದು ವಾದಿಸಬೇಡಿ. ಅವರಲ್ಲಿ ಹೆಚ್ಚಿನವರು ಅರಮನೆ ಚಾಕರಿಗಾಗಿ ವೃಷಣ ತೆಗೆಯಲ್ಪಟ್ಟವರು. ಎರಡೂ ಒಂದೇ ಎಂದರೆ ಎದುರಿನವರು ಒಂದೇ ಮಾತಿನಲ್ಲಿ ನಿಮ್ಮನ್ನು ಸೋಲಿಸುತ್ತಾರೆ. ಗಂಡು ಹೆಣ್ಣೆಂಬ ಎರಡು ಸಾಲಿನಲ್ಲಿ ಸರಿಯಾಗಿ ಕೂರದವರನ್ನು ದೇವರು ಹೇಗೆ ಕಂಡನು ಎಂಬುದಕ್ಕೆ ಆ ವಚನಗಳು ಸಾಕ್ಷಿ, ಅಷ್ಟು ಹೇಳಿ. ಅಷ್ಟೇ ಬೇಕಾದಷ್ಟಾಯಿತು.

ಪ್ರಶ್ನೆ: ನನ್ನ ಮಗ ಸೀರಿ ಉಡತೀನಿ ಅಂತಾನ್ರಿ. ಓಣ್ಯಾಗಿನವ್ರು ‘ಎಲ್ಲಮ್ಮ ಕಾಡಾಕತ್ಯಾಳ, ಸವದತ್ತಿಗೆ ಕರ್ಕೊಂಡ ಹೋಗ್ರಿ’ ಅಂತಾರ. ಪಾಸ್ಟರ್ ‘ಅಶುದ್ಧಾತ್ಮ ಐತಿ, ಮೂರು ದಿನ ನೀರೂ ಕೊಡದ ಉಪವಾಸ ಕೂಡಸ್ರಿ, ಬಿಡಸ್ತೀನಿ’ ಅಂತಾರ. ಯಾವುದು ಖರೇ? (ಸಿಂದಗಿ)

ಉತ್ತರ: ಅವ್ವಾ, ಎರಡೂ ಅಲ್ಲ. ಸವದತ್ತಿಯ ಎಲ್ಲಮ್ಮನಿಗೆ ಮುಡಿಪಾಗಿ ಸೀರೆ ಉಡುವ ಜೋಗಪ್ಪಗಳದು ಅವರದೇ ಭಕ್ತಿಯ ದಾರಿ, ಅದನ್ನು ಹಳಿಯುವುದು ಬೇಡ. ಆದರೆ ನಿಮ್ಮ ಮಗು ಕೇಳಿದ್ದು ಸೀರೆ, ಮುತ್ತು ಕಟ್ಟಿಸಿ ಎಲ್ಲಮ್ಮನಿಗೆ ಬಿಡಿ ಎಂದು ಕೇಳಿಲ್ಲ. ಇದು ದೆವ್ವವೂ ಅಲ್ಲ, ರೋಗವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರಿಂದ ಜಾರಿಗೆ ತಂದ ರೋಗಪಟ್ಟಿಯಲ್ಲಿ ಇದನ್ನು ಮನೋರೋಗಗಳ ಸಾಲಿನಿಂದ ತೆಗೆದಿದೆ. ‘ಸರಿ ಮಾಡ್ತೀನಿ’ ಎಂದು ಚಿಕಿತ್ಸೆ ಕೊಡುವ ವೈದ್ಯರದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ನೀರಿಲ್ಲದ ಉಪವಾಸಕ್ಕೆ ಒಪ್ಪಲೇಬೇಡಿ. ನಮ್ಮ ಕಡೆಯ ಬಿಸಿಲಿಗೆ ಮೂರು ದಿನ ನೀರಿಲ್ಲದಿದ್ದರೆ ಮೂತ್ರಪಿಂಡ ಕೆಡುತ್ತದೆ, ಜೀವವೇ ಹೋಗಬಹುದು. ಮೈ ಹೆಣ್ಣಿನಂತಾಗಲಿ ಎಂದು ಮಗು ಮೆಲ್ಲಗೆ ಔಷಧಿ ಅಂಗಡಿಯಿಂದ ಗರ್ಭನಿರೋಧಕ ಗುಳಿಗೆ ತಂದು ನುಂಗುತ್ತಿರಬಹುದು, ಹಲವರು ಹಾಗೆ ಮಾಡುತ್ತಾರೆ. ಆ ಗುಳಿಗೆಯಿಂದ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ, ಮೈಯಲ್ಲಿ ನೀರು ಕಡಿಮೆಯಾದರೆ, ಬೀಡಿ ಸಿಗರೇಟಿದ್ದರೆ ಅದು ಇನ್ನೂ ಹೆಚ್ಚು. ಬೈಯದೆ ಕೇಳಿ. ಒಂದು ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ, ಉಸಿರು ಕಟ್ಟುತ್ತಿದ್ದರೆ ತಡಮಾಡದೆ ಜಿಲ್ಲಾಸ್ಪತ್ರೆಗೆ ಹೋಗಿ, ನುಂಗಿದ ಗುಳಿಗೆಯ ಚೀಟಿಯನ್ನೂ ಒಯ್ಯಿರಿ.

ಪಾಸ್ಟರು ಪ್ರಾರ್ಥಿಸುತ್ತೇನೆಂದರೆ ಬೇಡವೆನ್ನಬೇಕಿಲ್ಲ. ಮೊದಲೇ ನಾಲ್ಕು ಮಾತು ಖಚಿತ ಮಾಡಿಕೊಳ್ಳಿ: ಮಗು ಒಪ್ಪಬೇಕು, ನೀವು ಪಕ್ಕದಲ್ಲಿರಬೇಕು, ಬಾಗಿಲು ತೆರೆದಿರಬೇಕು, ಯಾರೂ ಹಿಡಿದು ಅದುಮಬಾರದು. ಒಪ್ಪದಿದ್ದರೆ ಎದ್ದು ಮನೆಗೆ ಬನ್ನಿ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 18ನೇ ಕಲಮಿನಂತೆ ಇವರಿಗೆ ಹೊಡೆಯುವುದು, ಹಿಂಸಿಸುವುದು, ಮನೆ ಬಿಡಿಸುವುದು ಅಪರಾಧ. ಅದು ತಂದೆತಾಯಿಗೂ ಅನ್ವಯಿಸುತ್ತದೆ.

ಇನ್ನು ನಿಮ್ಮ ಪ್ರಾರ್ಥನೆ. ‘ಮಗನನ್ನ ಸರಿ ಮಾಡು’ ಅನ್ನುವ ಬದಲು ‘ಇದರ ಜೊತೆ ಬದುಕಾಕ ನನಗ ಕಲಸು’ ಅನ್ನಿ. ಆ ಮಾತು ಗೋಡೆಯಾಚೆ ಮಗುವಿಗೂ ಕೇಳಿಸುತ್ತದೆ.

ಪ್ರಶ್ನೆ: ನಮ್ಮ ದೇವಾಲಯದಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುತ್ತಾರೆ. ನಾನು ಟ್ರಾನ್ಸ್ ಪುರುಷ, ಹೆಣ್ಣೆಂದು ಬೆಳೆಸಿದರೂ ಗಂಡಸಾಗಿ ಬದುಕುವವನು. ಯಾವ ಕಡೆ ಹೋದರೂ ಎಲ್ಲರ ಕಣ್ಣು ನನ್ನ ಮೇಲೆ. (ಗೋಕಾಕ)

ಉತ್ತರ: ಇದು ಪದ್ಧತಿ, ಸಂಸ್ಕಾರವಲ್ಲ. ಬೈಬಲ್ಲಿನಲ್ಲಿ ಎಡ ಬಲ ಕೂರಿಸುವ ಆಜ್ಞೆ ಇಲ್ಲ. ಭಾನುವಾರ ಬಾಗಿಲಲ್ಲಿ ನಿಂತು ನಿರ್ಧರಿಸಲು ಹೋದರೆ ಅಂದಿನ ಆರಾಧನೆ ಪೂರ್ತಿ ಆ ಚಿಂತೆಯಲ್ಲೇ ಕಳೆಯುತ್ತದೆ. ವಾರದ ನಡುವೆ ಸಭಾಪಾಲಕರನ್ನು ಕಂಡು ‘ನಾನು ಗಂಡಸರ ಸಾಲಿನ ಹಿಂದಿನ ಬೆಂಚಿನ ತುದಿಯಲ್ಲಿ ಕೂರುತ್ತೇನೆ’ ಎಂದು ತಿಳಿಸಿ. ಅನುಮತಿ ಬೇಡುವ ದನಿ ಬೇಡ, ತಿಳಿಸುವ ದನಿ ಸಾಕು. ಪಕ್ಕದಲ್ಲಿ ಕೂರುವ ಒಬ್ಬ ಹಿರಿಯರನ್ನು ಮೊದಲೇ ಒಪ್ಪಿಸಿಕೊಳ್ಳಿ. ಒಬ್ಬರು ಪಕ್ಕಕ್ಕಿದ್ದರೆ ಉಳಿದವರ ನೋಟ ಬೇಗ ತಣ್ಣಗಾಗುತ್ತದೆ. ಕರ್ತನ ಭೋಜನಕ್ಕೆ ಅದೇ ಸಾಲಿನೊಂದಿಗೆ ಏಳಿ, ಎಲ್ಲರೂ ಮುಗಿಸಲಿ ಎಂದು ಕಾಯಬೇಡಿ.

ಎದೆಗೆ ಬೈಂಡರ್ (ಎದೆ ಚಪ್ಪಟೆಯಾಗಿ ಕಾಣಲು ತೊಡುವ ಬಿಗಿ ಒಳಉಡುಪು) ಕಟ್ಟುವವರು ಜಾಗರಣೆ ಪ್ರಾರ್ಥನೆಗೆ ಹೋಗುವಾಗ ಗಮನಿಸಿ: ಎಂಟು ಗಂಟೆ ಮೀರಬಾರದು, ಅದನ್ನು ತೊಟ್ಟು ಮಲಗಬಾರದು. ಕ್ರೇಪ್ ಬ್ಯಾಂಡೇಜ್ ಬಿಗಿಯುವುದಂತೂ ಬೇಡವೇ ಬೇಡ, ಉಸಿರೆಳೆದಂತೆ ಅದು ಪಕ್ಕೆಲುಬನ್ನು ಒತ್ತುತ್ತದೆ. ಹಾಡಲು ಹೊಟ್ಟೆತುಂಬ ಉಸಿರು ಬೇಕು. ಆ ರಾತ್ರಿಗೆ ದಪ್ಪ ಬನಿಯನ್, ಸಡಿಲ ಅಂಗಿ ಸಾಕು.

ಪ್ರಶ್ನೆ: ನಾನು ಕಥೋಲಿಕಳು, ಟ್ರಾನ್ಸ್ ಮಹಿಳೆ. ಅಕ್ಕನ ಮಗುವಿನ ಜ್ಞಾನಸ್ನಾನಕ್ಕೆ (ದೀಕ್ಷಾಸ್ನಾನಕ್ಕೆ) ನಾನು ಜ್ಞಾನಮಾತೆ, ಅಂದರೆ ಮಗುವಿನ ವಿಶ್ವಾಸಕ್ಕೆ ಹೊಣೆ ನಿಲ್ಲುವವಳು, ಆಗಬಹುದೇ? ನನ್ನ ಜ್ಞಾನಸ್ನಾನದ ದಾಖಲೆಯಲ್ಲಿ ಹೆಸರು ಬದಲಾಗುತ್ತದೆಯೇ? (ಖಾನಾಪುರ)

ಉತ್ತರ: ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ವಿಭಾಗ ಬ್ರೆಜಿಲಿನ ಒಬ್ಬ ಧರ್ಮಾಧ್ಯಕ್ಷರ ಪ್ರಶ್ನೆಗಳಿಗೆ 2023ರ ಅಕ್ಟೋಬರ್ 31ರಂದು ಕೊಟ್ಟ ಉತ್ತರಗಳಿಗೆ ಪೋಪ್ ಫ್ರಾನ್ಸಿಸ್ ಒಪ್ಪಿಗೆಯಿತ್ತು. ಟ್ರಾನ್ಸ್ ವ್ಯಕ್ತಿ, ಹಾರ್ಮೋನ್ ಅಥವಾ ಶಸ್ತ್ರಚಿಕಿತ್ಸೆ ಪಡೆದಿದ್ದರೂ, ಸಭೆಯಲ್ಲಿ ಗೊಂದಲ ಹುಟ್ಟದಂತಿದ್ದರೆ ಉಳಿದ ಭಕ್ತರಂತೆಯೇ ಜ್ಞಾನಸ್ನಾನ ಪಡೆಯಬಹುದು. ಮದುವೆಗೆ ಸಾಕ್ಷಿಯಾಗಲು ತಡೆಯಿಲ್ಲ. ಜ್ಞಾನಮಾತೆಯಾಗುವುದು ಮಾತ್ರ ಷರತ್ತಿನ ಮೇಲೆ ಒಪ್ಪಬಹುದಾದದ್ದು, ಹಕ್ಕಲ್ಲ, ಗುರುಗಳ ವಿವೇಚನೆಗೆ ಬಿಟ್ಟದ್ದು. 2024ರ ಏಪ್ರಿಲಿನಲ್ಲಿ ಅದೇ ವಿಭಾಗ ಹೊರಡಿಸಿದ ‘ಡಿಗ್ನಿತಾಸ್ ಇನ್ಫಿನಿತಾ’ ಲಿಂಗ ಬದಲಾವಣೆಯನ್ನು ಒಪ್ಪುವುದಿಲ್ಲ, ಅದು ನಿಮ್ಮನ್ನು ನೋಯಿಸುತ್ತದೆಂದು ಗೊತ್ತಿದ್ದೂ ಹೇಳುತ್ತಿದ್ದೇವೆ, ಗುರುಗಳು ಅದನ್ನು ಎತ್ತಿದಾಗ ನೀವು ಬೆಚ್ಚಬಾರದು. ಸಮಾರಂಭಕ್ಕೆ ಕೆಲವು ವಾರ ಮೊದಲೇ ಅಕ್ಕ ಭಾವನ ಜೊತೆ ಹೋಗಿ ಮಾತಾಡಿ, ಕೇಳುವವರು ಮಗುವಿನ ತಂದೆತಾಯಿಯೇ ಆಗಿರಲಿ. 2023ರ ಉತ್ತರದ ಮುದ್ರಿತ ಪ್ರತಿ ಕೈಯಲ್ಲಿರಲಿ.

ದಾಖಲೆಯ ವಿಷಯ: ಧರ್ಮಸಭೆಯ ಕಾನೂನಿನ 877ನೇ ವಿಧಿ ಬರೆದಿಡಲು ಹೇಳುವುದು ಹೆಸರು, ಸಂಸ್ಕಾರ ಕೊಟ್ಟವರು, ತಂದೆತಾಯಿ, ಜ್ಞಾನಪೋಷಕರು, ಸಾಕ್ಷಿಗಳು, ಸ್ಥಳ, ದಿನಾಂಕ, ಜನನದ ವಿವರ. ಆ ಪಟ್ಟಿಯಲ್ಲಿ ಲಿಂಗವೇ ಇಲ್ಲ. ಅರ್ಜಿ ಮುಗ್ಗರಿಸುವುದು ‘ಹಳೆಯ ಹೆಸರು ಅಳಿಸಿ’ ಎಂದು ಕೇಳಿದಲ್ಲಿ. ನಡೆದದ್ದರ ದಾಖಲೆಯಾದ್ದರಿಂದ ಮೂಲ ನಮೂದನ್ನು ಅಳಿಸಲು ಯಾರೂ ಒಪ್ಪುವುದಿಲ್ಲ. ‘ಪಕ್ಕದ ಅಂಚಿನಲ್ಲಿ ಈಗಿನ ಹೆಸರನ್ನು ಟಿಪ್ಪಣಿಯಾಗಿ ಸೇರಿಸಿ’ ಎಂದು ಬರೆಯಿರಿ, ಹೆಸರು ಬದಲಾವಣೆಯ ಗೆಜೆಟ್ ಪ್ರತಿ ಲಗತ್ತಿಸಿ. ಎರಡು ಪ್ರತಿ ಮಾಡಿ, ಒಂದನ್ನು ಧರ್ಮಕೇಂದ್ರದ ಕಚೇರಿಗೆ ಕೊಟ್ಟು ಇನ್ನೊಂದರ ಮೇಲೆ ದಿನಾಂಕ, ಮೊಹರು ಹಾಕಿಸಿಕೊಳ್ಳಿ.