ಕ್ಯಾಂಪಸ್ ಹೆಸರು ಬಿಡು, ದಿನಚರಿ ಕೇಳು

ಪ್ರಶ್ನೆ: ನನಗೆ 16 ವರ್ಷ. ಬೇಸಿಗೆ ರಜೆಗೆ ಎರಡು ವಿಜ್ಞಾನ ಶಿಬಿರಗಳಲ್ಲಿ ಸೀಟು ಸಿಕ್ಕಿದೆ. ಒಂದು ದೊಡ್ಡ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ಎರಡು ವಾರ. ದಿನಕ್ಕೊಂದು ವಿಷಯದ ಉಪನ್ಯಾಸ, ಲ್ಯಾಬ್ ಭೇಟಿ. ಇನ್ನೊಂದು ಐದು ವಾರ, ಪೂರ್ತಿ ಒಂದೇ ಪ್ರಾಜೆಕ್ಟ್, ಆದರೆ ಆ ಸಂಸ್ಥೆಯ ಹೆಸರು ಯಾರೂ ಕೇಳಿಲ್ಲ. ಮುಂದೆ ಕಾಲೇಜಿಗೆ ಅರ್ಜಿ ಹಾಕುವಾಗ ಹೆಸರೇ ಕೆಲಸಕ್ಕೆ ಬರುವುದು ಎನ್ನುತ್ತಾರೆ ಅಪ್ಪ. ಏನು ಮಾಡಲಿ?

ಉತ್ತರ: ನಿನಗೆ ಆ ಪ್ರಾಜೆಕ್ಟಿನ ವಿಷಯ ಇಷ್ಟ ಇದ್ದರೆ ಐದು ವಾರದ್ದಕ್ಕೇ ಹೋಗು.

ಅಪ್ಪನಿಗೆ ಒಂದು ಮಾತು ಹೇಳು. ಕ್ಯಾಂಪಸ್ ಯಾರದ್ದು ಅನ್ನುವುದು ಬೇರೆ, ಶಿಬಿರ ನಡೆಸುವವರು ಯಾರು ಅನ್ನುವುದು ಬೇರೆ. ರಜೆಯಲ್ಲಿ ಖಾಲಿ ಇರುವ ಹಾಸ್ಟೆಲ್, ಕ್ಲಾಸ್‌ರೂಮುಗಳನ್ನು ಬಾಡಿಗೆಗೆ ಹಿಡಿದು ಶಿಬಿರ ಮಾಡುವ ಕಂಪನಿಗಳಿವೆ, ಅಲ್ಲಿನ ಪ್ರೊಫೆಸರುಗಳಿಗೂ ಆ ಶಿಬಿರಕ್ಕೂ ಏನೂ ಸಂಬಂಧ ಇರುವುದಿಲ್ಲ. ಹೆಸರೂ ಕೆಲಸವೂ ಎರಡೂ ಇರುವ ಕಡೆಗಳು ಇಲ್ಲವೇ ಇಲ್ಲ ಅಂತಲ್ಲ. ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯ ಎಂಐಟಿಯಲ್ಲಿ ನಡೆಯುವ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್ ಅನ್ನುವ ಶಿಬಿರ ಹಾಗಿದೆ. 1984ರಲ್ಲಿ ಶುರುವಾದದ್ದು. ಮೊದಲು ಸ್ವಲ್ಪ ದಿನ ಪಾಠ, ಆಮೇಲೆ ವಿಜ್ಞಾನಿಯೊಬ್ಬರ ಜೊತೆ ಸಂಶೋಧನೆ, ಕೊನೆಗೆ ಪ್ರಬಂಧ ಬರೆದು ಎಲ್ಲರ ಮುಂದೆ ಮಂಡಿಸಬೇಕು. ಆಯ್ಕೆಯಾಗುವುದು ತುಂಬಾ ಕಷ್ಟ, ಆದರೆ ಬೋಧನಾ ಶುಲ್ಕ ಇಲ್ಲ.

ಒಂದೇ ಪ್ರಾಜೆಕ್ಟು ಅಂದರೆ ಬೇಜಾರಾಗುತ್ತೆ ಅನ್ನಿಸಬಹುದು, ಅಲ್ವಾ? ಅಮೆರಿಕದಲ್ಲೇ 1959ರಿಂದ ನಡೆದುಕೊಂಡು ಬಂದಿರುವ ಸಮ್ಮರ್ ಸೈನ್ಸ್ ಪ್ರೋಗ್ರಾಂ ಅನ್ನುವ ಇನ್ನೊಂದು ಶಿಬಿರ ನೋಡು. ಅದರ ಖಗೋಳ ವಿಭಾಗದಲ್ಲಿ ಮೂವರು ಮಕ್ಕಳ ಒಂದು ತಂಡ, ತಂಡಕ್ಕೊಂದು ಕ್ಷುದ್ರಗ್ರಹ. ರಾತ್ರಿ ಎದ್ದು ಕೂತು ದೂರದರ್ಶಕದಲ್ಲಿ ಅದರ ಚಿತ್ರ ತೆಗೆಯಬೇಕು, ಹಿಂದಿನ ನಕ್ಷತ್ರಗಳ ನಡುವೆ ಅದು ಎಲ್ಲಿದೆ ಅಂತ ಅಳೆಯಬೇಕು, ಆಮೇಲೆ ಅದರ ಕಕ್ಷೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮನ್ನು ತಾವೇ ಬರೆಯಬೇಕು. 1801ರಲ್ಲಿ ಸೂರ್ಯನ ಹೊಳಪಿನಲ್ಲಿ ಮರೆಯಾಗಿದ್ದ ಸೀರಿಸ್ ಅನ್ನುವ ಆಕಾಶಕಾಯ ಮತ್ತೆ ಎಲ್ಲಿ ಕಾಣುತ್ತೆ ಅಂತ ಹೇಳಲು ಗಣಿತಜ್ಞ ಗಾಸ್ ಹಿಡಿದ ದಾರಿಯೇ ಇದಕ್ಕೂ ಆಧಾರ. ಮೋಡ ಬಂದರೆ ಆ ರಾತ್ರಿ ಹೋಯಿತು. ಕೋಡ್ ತಪ್ಪಿದರೆ ಕಕ್ಷೆ ಎಲ್ಲೆಲ್ಲೋ ಹೋಗುತ್ತೆ. ಆಗ ತಪ್ಪು ಎಲ್ಲಿದೆ ಅಂತ ಹುಡುಕುತ್ತಾ ಕೂರುವುದಿದೆಯಲ್ಲ, ವಿಜ್ಞಾನ ಅಂದರೆ ಬಹುಪಾಲು ಅದೇ, ಮತ್ತು ಅದು ದಿನಕ್ಕೊಂದು ಉಪನ್ಯಾಸ ಕೇಳಿದರೆ ಸಿಗುವಂಥದ್ದಲ್ಲ.

ನಿನಗೆ ಜೀವಶಾಸ್ತ್ರವೋ ಗಣಿತವೋ ಅನ್ನುವುದೇ ಇನ್ನೂ ಗೊತ್ತಿಲ್ಲದಿದ್ದರೆ ಮಾತ್ರ ಎರಡು ವಾರದ್ದು ಸರಿ. ನಾಲ್ಕಾರು ವಿಷಯದ ರುಚಿ ನೋಡಿ ಬರಬಹುದು.

ಒಪ್ಪಿಗೆ ಕೊಡುವ ಮುಂಚೆ ಇಬ್ಬರಿಗೂ ಮೇಲ್ ಮಾಡು. ಒಂದು ಮಾಮೂಲಿ ದಿನ ಬೆಳಗ್ಗೆಯಿಂದ ರಾತ್ರಿವರೆಗೆ ಹೇಗಿರುತ್ತೆ, ಒಬ್ಬ ಮಾರ್ಗದರ್ಶಕರಿಗೆ ಎಷ್ಟು ಮಕ್ಕಳು, ಕೆಲಸ ಮಧ್ಯದಲ್ಲಿ ಕೆಟ್ಟರೆ ಯಾರು ಜೊತೆಗೆ ಕೂರುತ್ತಾರೆ ಅಂತ ಕೇಳು. ಕಳೆದ ವರ್ಷ ಹೋಗಿದ್ದವರ ಜೊತೆ ಮಾತಾಡಿಸಿ ಅಂತಲೂ ಕೇಳು. ಐದು ವಾರದವರು ಇದಕ್ಕೆ ಸುಮ್ನೆ ಕರಪತ್ರ ಕಳಿಸಿ ಕೈತೊಳೆದುಕೊಂಡರೆ ಅಲ್ಲಿಗೂ ಹೋಗಬೇಡ.